ಬಯಲಲ್ಲಿ ನಿಂತಿರುವ ಪುಟ್ಟ ವಿಮಾನವನ್ನು ಬಿಸಿಲಿನಿಂದ ಕಾಪಾಡುವುದು ಹೇಗೆ?

ಮಂಡಕಳ್ಳಿ ಹಕ್ಕಿ:
ಎಲ್ಲರಿಗೂ ನಮಸ್ಕಾರ. ನಾನು, ನಮ್ಮ ಭಾವ ಇಬ್ಬರೂ ಸೇರಿ ಹೋದ ತಿಂಗಳು ಒಂದು ಸೆಸ್ನಾ 152 ಕೊಂಡೆವು. ಎರಡೇ ಸೀಟು, ತಲೆ ಮೇಲೆ ರೆಕ್ಕೆ, 110 ಕುದುರೆ ಶಕ್ತಿಯ ಎಂಜಿನ್. ಸೆಕೆಂಡ್ ಹ್ಯಾಂಡ್. ಈ ಮಾಡೆಲ್ ತಯಾರಿಕೆ 1985ರಲ್ಲೇ ನಿಂತುಹೋಯಿತು, ಹಾಗಾಗಿ ಹೊಸದು ಸಿಗುವ ಮಾತೇ ಇಲ್ಲ. ಆದರೆ ನಮಗೆ ಹೊಸದೇ. ಎಂಟು ವರ್ಷ ಕಾಸು ಕೂಡಿಟ್ಟು ತಂದಿದ್ದೇವೆ.

ತೊಂದರೆ ಏನೆಂದರೆ ವಿಮಾನ ನಿಲ್ಲಿಸುವ ಶೆಡ್, ಅಂದರೆ ಹ್ಯಾಂಗರ್‌ನಲ್ಲಿ ಜಾಗ ಸಿಕ್ಕಿಲ್ಲ. ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದಲ್ಲಿ ಬಯಲಲ್ಲೇ ಕಟ್ಟಿ ನಿಲ್ಲಿಸಿದ್ದೇವೆ. ಮಾರ್ಚ್ ಇನ್ನೂ ಮುಗಿದಿಲ್ಲ, ಆಗಲೇ ಬಿಸಿಲು ಹೀಗಿದೆ. ನಿನ್ನೆ ಮಧ್ಯಾಹ್ನ ಮೂರು ಗಂಟೆಗೆ ಬಾಗಿಲು ತೆಗೆದರೆ ಕಾದ ರೆಕ್ಸಿನ್ ವಾಸನೆ ಮುಖಕ್ಕೆ ಬಡಿಯಿತು. ಬೆಲ್ಟಿನ ಬಕಲ್ ಮುಟ್ಟಿದ್ದೇ ತಡ, ಬೆರಳು ಚುರ್ರೆಂದಿತು. ಮೀಟರ್‌ಗಳ ಮೇಲಿನ ಪ್ಲಾಸ್ಟಿಕ್ ಒಂದು ಮೂಲೆಯಲ್ಲಿ ಸೀಳಿದೆ. ಅದು ಮೊದಲೇ ಇತ್ತೋ ಈಗ ಆಗಿದ್ದೋ ಗೊತ್ತಾಗುತ್ತಿಲ್ಲ.

ನನ್ನ ಪ್ರಶ್ನೆ ಇಷ್ಟೇ. ದಪ್ಪ ಟಾರ್ಪಾಲ್ ತಂದು ಪೂರ್ತಿ ಹೊದಿಸಿಬಿಡಲಾ? ಇಲ್ಲಾ ಕಾರಿಗೆ ಇಡುವ ಹಾಗೆ ಒಳಗಿನಿಂದ ಮಿರಿಮಿರಿ ಹಾಳೆ ಇಟ್ಟರೆ ಸಾಕಾ? ಮೂತಿಯನ್ನು ಯಾವ ದಿಕ್ಕಿಗೆ ಇಡಬೇಕು? ಗೊತ್ತಿರುವವರು ದಯವಿಟ್ಟು ಹೇಳಿ.

ಬೈಕ್ ಬಸವ:
ಮೊದಲು ಅಭಿನಂದನೆ ಸಾರ್! ನಮ್ಮೂರಲ್ಲಿ ಸ್ವಂತ ವಿಮಾನ ಅಂದರೆ ಸಣ್ಣ ಮಾತಾ? ಒಂದು ಫೋಟೋ ಹಾಕಿ.

ಕಬ್ಬಿನ ಗದ್ದೆ:
ಟಾರ್ಪಾಲ್ ಸಾಕು ಅಣ್ಣ. ನಾನು ಟ್ರ್ಯಾಕ್ಟರ್‌ಗೆ ಆರು ವರ್ಷದಿಂದ ಅದನ್ನೇ ಹೊದಿಸುತ್ತಿದ್ದೇನೆ. ಪೇಂಟ್ ಇವತ್ತಿಗೂ ಹೊಸದರ ಹಾಗಿದೆ. ನಾಲ್ಕು ಮೂಲೆಗೂ ಹಗ್ಗ ಬಿಗಿದು ಕಟ್ಟಿದರೆ ಮುಗಿಯಿತು.

ಹಳೇ ಫಿಟ್ಟರ್:
ದಯವಿಟ್ಟು ಟಾರ್ಪಾಲ್ ಹಾಕಬೇಡಿ. ಕೈಮುಗಿದು ಹೇಳುತ್ತೇನೆ.

ಮೂವತ್ತೊಂದು ವರ್ಷ ವಿಮಾನದ ರಿಪೇರಿ ಕೆಲಸ ಮಾಡಿ ನಿವೃತ್ತನಾದವನು ನಾನು. ಈಗ ಕುವೆಂಪುನಗರದಲ್ಲಿದ್ದೇನೆ. ಬಿಸಿಲಿನಿಂದ ಕೆಟ್ಟ ಗಾಜಿಗಿಂತ ಟಾರ್ಪಾಲ್‌ನಿಂದ ಕೆಟ್ಟ ಗಾಜನ್ನೇ ಜಾಸ್ತಿ ನೋಡಿದ್ದೇನೆ. ಗಾಜು ಅಂತ ಬಾಯಿಮಾತಿಗೆ ಹೇಳಿದೆ, ಅದು ಗಾಜಲ್ಲ. ನಿಮ್ಮ ವಿಮಾನದ ಮುಂದಿನ ಕಿಟಕಿ ಅಕ್ರಿಲಿಕ್, ಅಂದರೆ ಒಂದು ಬಗೆಯ ಪ್ಲಾಸ್ಟಿಕ್. ಧೂಳಿನ ಬಟ್ಟೆಯಲ್ಲಿ ಉಜ್ಜಿದರೂ ಗೀರು ಬೀಳುವಷ್ಟು ಮೆತ್ತಗೆ. ಟಾರ್ಪಾಲ್ ಗಾಳಿಗೆ ಪಟಪಟ ಬಡಿಯುತ್ತದೆ. ಅದರ ಅಡಿ ನಮ್ಮ ಕೆಂಪು ಮಣ್ಣಿನ ಧೂಳು ಸೇರಿಕೊಂಡಿರುತ್ತದೆ. ಎರಡೂ ಸೇರಿದರೆ ಏನಾಗುತ್ತದೆ? ಇಡೀ ರಾತ್ರಿ ಯಾರೋ ಕೂತು ಉಪ್ಪುಕಾಗದ ಉಜ್ಜಿದ ಹಾಗೆ.

ಇನ್ನೊಂದು ವಿಷಯ. ಟಾರ್ಪಾಲ್ ಉಸಿರಾಡುವುದಿಲ್ಲ. ರಾತ್ರಿ ತೇವ ಒಳಗೇ ಕೂರುತ್ತದೆ, ಬೆಳಿಗ್ಗೆ ಬಿಸಿಲಿಗೆ ಬೆಂದು ಆವಿಯಾಗುತ್ತದೆ. ಅಲ್ಯೂಮಿನಿಯಂ ಹಾಳೆಗೆ ಆ ತೇವ ಒಳ್ಳೆಯದಲ್ಲ. ಟ್ರ್ಯಾಕ್ಟರ್ ದಪ್ಪ ಉಕ್ಕಿನದು, ತಡೆಯುತ್ತದೆ. ಇದು ಒಂದು ಮಿಲಿಮೀಟರ್‌ಗಿಂತ ತೆಳ್ಳಗಿನ ಹಾಳೆ.

ಕಬ್ಬಿನ ಗದ್ದೆ:
ಓ, ಕಿಟಕಿ ಪ್ಲಾಸ್ಟಿಕ್ಕಾ? ಅದು ಗೊತ್ತಿರಲಿಲ್ಲ ಸಾರ್. ನನ್ನ ಮಾತು ವಾಪಸ್.

ಮದ್ದೂರು ಎಕ್ಸ್‌ಪ್ರೆಸ್:
ಗಾಜೇ ಹಾಕಬಹುದಿತ್ತಲ್ವಾ? ಪ್ಲಾಸ್ಟಿಕ್ ಯಾಕೆ?

ಹಳೇ ಫಿಟ್ಟರ್:
ತೂಕ. ಅಕ್ರಿಲಿಕ್ ಗಾಜಿನ ಅರ್ಧ ತೂಕವೂ ಬರುವುದಿಲ್ಲ. ಬೇಕಾದ ಹಾಗೆ ಬಗ್ಗಿಸಿ ಕೂರಿಸಬಹುದು. ದೊಡ್ಡ ಜೆಟ್ ವಿಮಾನದ ಪೈಲಟ್ ಮುಂದೆ ಇರುವುದು ಬೇರೆ, ಅದರಲ್ಲಿ ಗಾಜಿನ ಪದರಗಳು ಇರುತ್ತವೆ. ಸಣ್ಣದಕ್ಕೆ ಅಷ್ಟು ತೂಕ ಹೊರುವ ಶಕ್ತಿ ಇಲ್ಲ.

ಸರಸ್ವತಿಪುರಂ ಸು:
ನಾನು ಕೆಮಿಸ್ಟ್ರಿ ಪಾಠ ಮಾಡುತ್ತೇನೆ, ಹಾರಾಟ ಗೊತ್ತಿಲ್ಲ. ಆದರೆ ಅಕ್ರಿಲಿಕ್ ಬಗ್ಗೆ ಒಂದು ಮಾತು ಹೇಳಬಲ್ಲೆ.

ಅದು ಒಂದೇ ಕಾರಣಕ್ಕೆ ಬಿರುಕು ಬಿಡುವುದಿಲ್ಲ. ಬಿಸಿಲಿನ ನೇರಳಾತೀತ ಕಿರಣ ಒಂದು. ಹಗಲು ಹಿಗ್ಗಿ ರಾತ್ರಿ ಕುಗ್ಗುವ ಎಳೆದಾಟ ಇನ್ನೊಂದು. ಮೂರನೆಯದು ನಾವೇ ಹಚ್ಚುವ ರಾಸಾಯನಿಕ. ಮನೆಯಲ್ಲಿ ಕಿಟಕಿ ಒರೆಸಲು ಇಟ್ಟುಕೊಂಡಿರುವ ಸ್ಪ್ರೇಗಳಲ್ಲಿ ಕೆಲವಕ್ಕೆ ಅಮೋನಿಯಾ ಇರುತ್ತದೆ, ಅದನ್ನು ಹತ್ತಿರಕ್ಕೂ ತರಬೇಡಿ. ಥಿನ್ನರ್, ಅಸಿಟೋನ್, ಪೆಟ್ರೋಲ್ ಕೂಡ ಬೇಡ. ಪೆಟ್ರೋಲ್ ಬಟ್ಟೆಯಲ್ಲಿ ಒಂದೇ ಸಲ ಒರೆಸಿದರೂ ಸಾಕು, ಕೆಲವೇ ದಿನದಲ್ಲಿ ಒಳಗೆ ಕೂದಲೆಳೆಯಂಥ ಗೆರೆಗಳು ಏಳಬಹುದು. ಅವು ಮೇಲಿನ ಗೀರಲ್ಲ, ಉಜ್ಜಿದರೆ ಹೋಗುವುದಿಲ್ಲ.

ಹಕ್ಕಿಯವರೇ, ಸಂಜೆ ಐದೂವರೆಗೆ ಸೂರ್ಯನ ಕಡೆ ಮುಖ ಮಾಡಿ ಸೀಟಲ್ಲಿ ಕೂತು ನೋಡಿ. ಹಳೇ ಪಿಂಗಾಣಿ ಬಟ್ಟಲಿನ ಮೇಲೆ ಸಣ್ಣ ಸಣ್ಣ ಗೆರೆ ಇರುತ್ತದಲ್ಲ, ಹಾಗೆ ಕಂಡರೆ ಅದೇ ಇದು.

ಮಂಡಕಳ್ಳಿ ಹಕ್ಕಿ:
ಮೇಡಂ, ಇವತ್ತು ಸಂಜೆಯೇ ಹೋಗಿ ಕೂತು ನೋಡಿದೆ. ಎಡಗಡೆ ಕೆಳಮೂಲೆಯಲ್ಲಿ, ತಿರುಪು ಇರುವ ಜಾಗದ ಸುತ್ತ, ಅಂಗೈ ಅಗಲದಷ್ಟು ಇದೆ. ನೆತ್ತಿ ಮೇಲೆ ಬೆಳಕಿದ್ದಾಗ ಒಂದು ಗೆರೆಯೂ ಕಾಣುವುದಿಲ್ಲ. ಸೂರ್ಯ ಇಳಿದಾಗ ಜೇಡರ ಬಲೆಯ ಹಾಗೆ ಹೊಳೆಯುತ್ತದೆ. ಕೊಳ್ಳುವಾಗ ಮಧ್ಯಾಹ್ನ ನೋಡಿದ್ದೆವು. ಮನಸ್ಸಿಗೆ ಬೇಜಾರಾಯಿತು.

ಹಳೇ ಫಿಟ್ಟರ್:
ತಿರುಪಿನ ಸುತ್ತ ಇದ್ದರೆ ಯಾರೋ ಜಾಸ್ತಿ ಬಿಗಿದಿದ್ದಾರೆ. ಅಲ್ಲಿ ಎಳೆತ ಸೇರಿಕೊಂಡಿರುತ್ತದೆ. ಬೇಜಾರು ಬೇಡ, ಪೈಲಟ್ ಕಣ್ಣಿನ ನೇರಕ್ಕೆ ಇಲ್ಲವಲ್ಲ. ಆದರೆ ಮುಂದಿನ ಇನ್ಸ್‌ಪೆಕ್ಷನ್‌ನಲ್ಲಿ ಎಂಜಿನಿಯರ್‌ಗೆ ತೋರಿಸಿ, ಅಳತೆ ಬರೆಸಿಡಿ. ಬೆಳೆಯುತ್ತಿದೆಯಾ ಇಲ್ಲವಾ ಅಂತ ಆಗ ತಿಳಿಯುತ್ತದೆ.

ಒರೆಸುವ ಕ್ರಮ ಹೇಳಿಬಿಡುತ್ತೇನೆ. ಮೊದಲು ಬರೀ ನೀರು, ಧಾರಾಳವಾಗಿ. ಧೂಳು ಪೂರ್ತಿ ಹರಿದುಹೋಗಬೇಕು. ಆಮೇಲೆ ಬರಿಗೈಯಲ್ಲಿ ಸವರಿ. ಉಂಗುರ, ಗಡಿಯಾರ ತೆಗೆದಿಡಿ. ಬಟ್ಟೆಗಿಂತ ಬೆರಳೇ ಒಳ್ಳೆಯದು, ಒಂದು ಮರಳಿನ ಕಣ ಉಳಿದಿದ್ದರೂ ಬೆರಳಿಗೆ ಗೊತ್ತಾಗುತ್ತದೆ. ಕೊನೆಗೆ ಮೆತ್ತನೆಯ ಹತ್ತಿ ಬಟ್ಟೆ, ಮೇಲಿನಿಂದ ಕೆಳಕ್ಕೆ ನೇರವಾಗಿ. ದೋಸೆ ಹಂಚಿನ ಮೇಲೆ ಸುತ್ತಿಸುವ ಹಾಗೆ ಸುತ್ತಿಸಬೇಡಿ. ಸುತ್ತಿದ ಗೀರು ಎದುರು ಬಿಸಿಲಿಗೆ ಪೂರ್ತಿ ಬಳೆಯಾಗಿ ಹೊಳೆಯುತ್ತದೆ, ಎದುರಿಗೆ ಬರುವ ವಿಮಾನವೇ ಕಾಣುವುದಿಲ್ಲ.

ಸೋಲೋ ಮುಗಿಸಿದವಳು:
ನಾನು ಟ್ರೈನಿಂಗ್‌ನಲ್ಲಿದ್ದೇನೆ. ಒಳಗಿನಿಂದ ಇಡುವ ಹೊಳೆಯುವ ಹಾಳೆಯೇ ಸುಲಭ. ಎರಡು ನಿಮಿಷದಲ್ಲಿ ಇಡಬಹುದು, ತೆಗೆಯಬಹುದು. ನಾವು ಹಾಗೇ ಮಾಡುವುದು. ಹೊರಗಿನ ಕವರ್ ಹಾಕಲು ಇಬ್ಬರು ಬೇಕು, ಗಾಳಿ ಇದ್ದರೆ ಮೂವರು.

ಸರಸ್ವತಿಪುರಂ ಸು:
ಅದು ಸೀಟು, ಮೀಟರ್‌ಗಳನ್ನು ಕಾಪಾಡುತ್ತದೆ, ನಿಜ. ಆದರೆ ಅಕ್ರಿಲಿಕ್ ಹೊರಗೇ ಉಳಿಯಿತಲ್ಲ? ಬಿಸಿಲು ಅದರೊಳಗೆ ಒಂದು ಸಲ ಬಂದು, ಹಾಳೆಗೆ ಬಡಿದು, ಇನ್ನೊಂದು ಸಲ ಹೊರಗೆ ಹೋಗುತ್ತದೆ. ಎರಡರ ನಡುವೆ ಸಿಕ್ಕಿಕೊಂಡ ಗಾಳಿಯೂ ಕಾಯುತ್ತದೆ.

ಹಳೇ ಫಿಟ್ಟರ್:
ಮೇಡಂ ಹೇಳಿದ್ದು ತತ್ವಕ್ಕೆ ಸರಿ. ಆದರೆ ಒಳಗಿನ ಹಾಳೆ ಇಟ್ಟು ಹತ್ತು ಹದಿನೈದು ವರ್ಷ ಚೆನ್ನಾಗಿ ಉಳಿದ ಕಿಟಕಿಗಳನ್ನೂ ನಾನು ಕೈಯಾರೆ ಮುಟ್ಟಿದ್ದೇನೆ. ಅಂಟಿಸಿದ ಹಾಗೆ ಒತ್ತಿ ಇಡಬಾರದು, ಅಷ್ಟೇ. ಎರಡು ಬೆರಳಿನಷ್ಟು ಸಂದು ಬಿಡಿ. ಏನೂ ಇಡದೆ ಬಿಡುವುದಕ್ಕಿಂತ ಅದು ಎಷ್ಟೋ ಮೇಲು.

ಸರಸ್ವತಿಪುರಂ ಸು:
ಒಪ್ಪುತ್ತೇನೆ ಸಾರ್. ಆದರೆ ಇವರದು ದಿನಾ ಹಾರುವ ವಿಮಾನ ಅಲ್ಲ. ವಾರದಲ್ಲಿ ಆರು ದಿನ ನಿಂತಿರುತ್ತದೆ. ನಿಂತಿರುವುದಕ್ಕೆ ಹೊರಗಿನ ಕವರೇ ಬೇಕು ಅಂತ ನನ್ನ ಮಾತು.

ಹಳೇ ಫಿಟ್ಟರ್:
ಆರು ದಿನ ನಿಲ್ಲುವುದಾದರೆ ನಿಮ್ಮ ಮಾತೇ ಸರಿ. ಹೊರಗಿನದೇ ಹಾಕಿ. ಊರೂರಿಗೆ ಹೋದಾಗ ಅರ್ಧ ದಿನ ನಿಲ್ಲಿಸಲು ಒಳಗಿನದು ಇರಲಿ.

ಟಾಪ್ ಟೈಲರ್:
ನಮಸ್ಕಾರ. ಮಂಡಿ ಮೊಹಲ್ಲಾದಲ್ಲಿ ಜೀಪ್ ಹುಡ್, ಆಟೋ ಟಾಪ್, ಸೀಟ್ ಕುಶನ್ ಹೊಲಿಯುತ್ತೇನೆ. ವಿಮಾನಕ್ಕೆ ಹೊಲಿದಿಲ್ಲ. ಆದರೆ ಬಟ್ಟೆ ಬಗ್ಗೆ ಹೇಳಬಲ್ಲೆ. ಅಂಗಡಿ ಮುಂದಿನ ಚಪ್ಪರಕ್ಕೆ, ದೋಣಿಗೆ ಬಳಸುವ ಅಕ್ರಿಲಿಕ್ ಕ್ಯಾನ್ವಾಸ್ ಅಂತ ಬರುತ್ತದೆ. ದಾರ ಮಾಡುವ ಮೊದಲೇ ಬಣ್ಣ ಸೇರಿಸಿರುತ್ತಾರೆ, ಬಿಸಿಲಿಗೆ ಬಣ್ಣ ಬೇಗ ಹೋಗುವುದಿಲ್ಲ. ಗಾಳಿಯಾಡುತ್ತದೆ, ಮಳೆ ಹನಿ ಜಾರುತ್ತದೆ. ನೈಲಾನ್ ಬೇಡ, ಬಿಸಿಲಿಗೆ ಬೇಗ ಸೋಲುತ್ತದೆ.

ಬಟ್ಟೆಗಿಂತ ಮೊದಲು ಸಾಯುವುದು ದಾರ. ಇದನ್ನು ಯಾರೂ ಕೇಳುವುದೇ ಇಲ್ಲ. ಹತ್ತಿ ದಾರದಲ್ಲಿ ಹೊಲಿದರೆ ಎರಡು ಮಳೆಗಾಲಕ್ಕೆ ಹೊಲಿಗೆ ಬಿಚ್ಚುತ್ತದೆ, ಬಟ್ಟೆ ಹಾಗೇ ಇರುತ್ತದೆ. ಬಿಸಿಲು ತಡೆಯುವ ದಪ್ಪ ಪಾಲಿಯೆಸ್ಟರ್ ದಾರವೇ ಹಾಕಬೇಕು.

ಹಳೇ ಫಿಟ್ಟರ್:
ಇವರು ಕೆಲಸ ಬಲ್ಲವರು. ಹಕ್ಕಿಯವರೇ, ಇವರನ್ನೇ ಹಿಡಿಯಿರಿ.

ಟೈಲರ್ ಸಾಹೇಬರೇ, ನಾಲ್ಕು ವಿಷಯ ನೆನಪಿಡಿ. ಕಿಟಕಿಗೆ ತಾಗುವ ಕಡೆ ಫ್ಲಾನೆಲ್ ತರಹದ ಮೆತ್ತನೆ ಅಸ್ತರ್ ಕೊಡಿ. ಕಬ್ಬಿಣದ ಬಕಲ್ ಎಲ್ಲೂ ಬರಬಾರದು, ಪ್ಲಾಸ್ಟಿಕ್ ಕ್ಲಿಪ್ ಹಾಕಿ, ಅದರ ಬೆನ್ನಿಗೂ ಬಟ್ಟೆ ಕೊಡಿ. ಪಟ್ಟಿ ಹೊಟ್ಟೆಯ ಅಡಿಯಿಂದ ಬಂದು ಬಿಗಿಯಾಗಬೇಕು. ತಲೆ ಮೇಲಿನ ಆಂಟೆನಾಗೆ ಒಂದು ಜೇಬು ಹೊಲಿಯಿರಿ, ಇಲ್ಲದಿದ್ದರೆ ಎಳೆದಾಗ ಮುರಿಯುತ್ತದೆ.

ನಂಜನಗೂಡು ರಸ್ತೆ:
ದಿಕ್ಕಿನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಮೂತಿ ಉತ್ತರಕ್ಕೆ ಇಡಿ. ಸೂರ್ಯ ದಕ್ಷಿಣದಲ್ಲಿರುತ್ತಾನೆ, ಮೀಟರ್‌ಗಳ ಮೇಲೆ ನೇರ ಬಿಸಿಲು ಬೀಳುವುದಿಲ್ಲ.

ನಕ್ಷತ್ರ ವೀಕ್ಷಕ:
ಅದು ದೆಹಲಿಗೆ ವರ್ಷಪೂರ್ತಿ ಸರಿ, ಮೈಸೂರಿಗೆ ಅರ್ಧ ಮಾತ್ರ ಸರಿ. ನಾವಿರುವುದು 12 ಡಿಗ್ರಿ ಅಕ್ಷಾಂಶದ ಸುಮಾರಿಗೆ. ಏಪ್ರಿಲ್ 22ರ ಆಸುಪಾಸು ಮಧ್ಯಾಹ್ನ 12 ಗಂಟೆ 22 ನಿಮಿಷದ ಹೊತ್ತಿಗೆ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಬೀಳುವುದಿಲ್ಲ. ಅಲ್ಲಿಂದ ಆಗಸ್ಟ್ 20ರವರೆಗೆ ನಡು ಮಧ್ಯಾಹ್ನ ಸೂರ್ಯ ನಮಗೆ ಉತ್ತರದಲ್ಲಿರುತ್ತಾನೆ. ಆಮೇಲೆ ಮತ್ತೆ ದಕ್ಷಿಣ. ಹಾಗಾಗಿ ಡಿಸೆಂಬರ್, ಜನವರಿಯಲ್ಲಿ ಮೂತಿ ಉತ್ತರಕ್ಕೆ ಇಟ್ಟರೆ ಒಳ್ಳೆಯದು. ಬೇಸಿಗೆಯಲ್ಲಿ ನಿಮ್ಮನ್ನು ಸುಡುವುದು ಪಡುವಣದ ಇಳಿಬಿಸಿಲು. ಮೂತಿ ಮೂಡಣಕ್ಕೆ ಇರಲಿ.

ಸೋಲೋ ಮುಗಿಸಿದವಳು:
ಗಾಳಿಯನ್ನು ಮರೆತಿರಿ ಸಾರ್! ಮುಂಗಾರಿನ ಗಾಳಿ ಬರುವುದೇ ಪಡುವಣದಿಂದ. ಬಾಲಕ್ಕೆ ಗಾಳಿ ಹೊಡೆದರೆ ಹಿಂದಿನ ರೆಕ್ಕೆ, ಚುಕ್ಕಾಣಿ ಪಟಪಟ ಬಡಿದು ಕೀಲು ಸಡಿಲವಾಗುತ್ತದೆ. ಮೂತಿ ಗಾಳಿಗೆ ಎದುರಾಗಿ ಇರಬೇಕು ಅಂತ ನಮಗೆ ಮೊದಲ ದಿನವೇ ಹೇಳಿಕೊಟ್ಟಿದ್ದಾರೆ.

ನಕ್ಷತ್ರ ವೀಕ್ಷಕ:
ಹೌದಲ್ಲ. ಅದು ನನಗೆ ಹೊಳೆದಿರಲಿಲ್ಲ. ಬಿಸಿಲಿಗೆ ಮೂಡಣ, ಗಾಳಿಗೆ ಪಡುವಣ. ಎರಡೂ ಒಟ್ಟಿಗೆ ಆಗುವುದಿಲ್ಲ.

ಹಳೇ ಫಿಟ್ಟರ್:
ಗಾಳಿಯೇ ಗೆಲ್ಲಬೇಕು. ಬಿಸಿಲು ವರ್ಷಗಟ್ಟಲೆ ತೆಗೆದುಕೊಂಡು ಕೆಡಿಸುತ್ತದೆ, ಬಿರುಗಾಳಿಗೆ ಹತ್ತು ನಿಮಿಷ ಸಾಕು. ಖಾಲಿ ಸೆಸ್ನಾ 152 ಐನೂರು ಕಿಲೋ ಆಸುಪಾಸು ಅಷ್ಟೇ. ರೆಕ್ಕೆ ಇರುವುದೇ ಗಾಳಿ ಬಂದರೆ ಮೇಲೇಳಲಿಕ್ಕೆ. ಏಪ್ರಿಲ್, ಮೇನಲ್ಲಿ ಸಂಜೆ ಗುಡುಗು ಮಳೆ ಬರುವಾಗ ಗಾಳಿ ಯಾವ ದಿಕ್ಕಿನಿಂದ ನುಗ್ಗುತ್ತದೋ ಹೇಳಲಾಗುವುದಿಲ್ಲ. ಎರಡು ರೆಕ್ಕೆ, ಬಾಲ, ಮೂರೂ ಕಡೆ ಕಟ್ಟಿ. ಒಳಗೆ ಸ್ಟೀರಿಂಗ್ ಅಲುಗದ ಹಾಗೆ ಹಿಡಿಯುವ ಕಂಟ್ರೋಲ್ ಲಾಕ್ ಹಾಕಿ. ಬಿಸಿಲಿಗೆ ಹಗ್ಗವೂ ಸಾಯುತ್ತದೆ. ಹೊರಗಿನಿಂದ ನಯವಾಗಿ ಕಂಡರೂ ಎಳೆ ಬಿಚ್ಚಿ ನೋಡಿ, ಪುಡಿ ಉದುರಿದರೆ ಬಿಸಾಡಿ.

ಕಬ್ಬಿನ ಗದ್ದೆ:
ಹಗ್ಗದ ಮಾತು ನಿಜ. ಶೇಡ್ ನೆಟ್‌ದೂ ಅದೇ ಕಥೆ. ನಾನು ಕಬ್ಬಿನ ಸಸಿ ಟ್ರೇಯಲ್ಲಿ ಬೆಳೆಸುತ್ತೇನೆ, ಮೇಲೆ ಹಸಿರು ನೆಟ್ ಇದೆ. ಮೊದಲ ಸಲ ಕಡಿಮೆ ಬೆಲೆಯದು ತಂದೆ. ಎರಡನೇ ಬೇಸಿಗೆಯಲ್ಲಿ ಎರಡು ಬೆರಳಲ್ಲಿ ಹಿಡಿದು ಉಜ್ಜಿದರೆ ಹಪ್ಪಳದ ಹಾಗೆ ಪುಡಿಯಾಯಿತು. ಆಮೇಲೆ ಬಿಸಿಲು ತಡೆಯುವ ಮದ್ದು ಸೇರಿಸಿದ್ದು ತಂದೆ, ಅದು ಇನ್ನೂ ಗಟ್ಟಿಯಾಗಿದೆ.

ನನಗೆ ಒಂದು ಯೋಚನೆ. ಜಿಐ ಪೈಪ್ ನೆಟ್ಟು, ಮೇಲೆ 75 ಪರ್ಸೆಂಟ್ ನೆರಳಿನ ನೆಟ್ ಕಟ್ಟಿದರೆ ವಿಮಾನವೇ ನೆರಳಲ್ಲಿ ನಿಲ್ಲುತ್ತದಲ್ಲ ಅಣ್ಣ? ಗಾಳಿಯೂ ಆಡುತ್ತದೆ. ಕವರ್ ಉಜ್ಜುವ ಗೋಳೂ ಇಲ್ಲ. ರೆಕ್ಕೆ ಅಗಲ ಎಷ್ಟು?

ಮಂಡಕಳ್ಳಿ ಹಕ್ಕಿ:
ರೆಕ್ಕೆಯ ತುದಿಯಿಂದ ತುದಿಗೆ 10 ಮೀಟರ್ ದಾಟುತ್ತದೆ ಅಣ್ಣ. ನನಗೂ ಆ ಆಸೆ ಇದೆ.

ನಂಜನಗೂಡು ರಸ್ತೆ:
ವಿಮಾನ ನಿಲ್ದಾಣದೊಳಗೆ ನಾವು ನಾವೇ ಪೈಪ್ ನೆಡಲು ಬಿಡುವುದಿಲ್ಲ. ಎತ್ತರದ ಲೆಕ್ಕ, ಅನುಮತಿ ಎಲ್ಲ ಇದೆ. ಗಾಳಿಗೆ ನೆಟ್ ಹರಿದು ರನ್‌ವೇ ಮೇಲೆ ಹೋಗಿ ಬಿದ್ದರೆ ಯಾರದ್ದೋ ಎಂಜಿನ್‌ಗೆ ಸಿಗುತ್ತದೆ. ಪ್ರಾಣದ ಪ್ರಶ್ನೆ ಅದು. ಸ್ವಂತ ಜಮೀನಿನ ಏರ್‌ಸ್ಟ್ರಿಪ್ ಆಗಿದ್ದರೆ ನಿಮ್ಮ ಯೋಚನೆ ಎಲ್ಲಕ್ಕಿಂತ ಚೆನ್ನ.

ಬೈಕ್ ಬಸವ:
ಮೊದಲೆಲ್ಲ ಮೈಸೂರಲ್ಲಿ ಫ್ಯಾನ್ ಇಲ್ಲದ ಮನೆಗಳಿದ್ದವು. ಈಗ ನಮ್ಮ ಬೀದಿಯಲ್ಲಿ ಎಲ್ಲರ ಮನೆಯಲ್ಲೂ ಎಸಿ. ಬಿಸಿಲು ಜಾಸ್ತಿಯಾಯಿತಾ, ಮರ ಕಡಿಮೆಯಾಯಿತಾ?

ಸರಸ್ವತಿಪುರಂ ಸು:
ಎರಡೂ ಇರಬಹುದು. ಇನ್ನೊಂದು ಮಾತು ಸೇರಿಸುತ್ತೇನೆ. ತಂಪು ಊರು ಅಂತ ನಾವು ಹೇಳಿಕೊಂಡರೂ ನೇರಳಾತೀತ ಕಿರಣಕ್ಕೆ ತಂಪು, ಬಿಸಿ ಗೊತ್ತಾಗುವುದಿಲ್ಲ. ಸಾವಿರ ಮೀಟರ್ ಮೇಲೆ ಹೋದರೆ ಅದು ಸುಮಾರು 10 ಪರ್ಸೆಂಟ್ ಜಾಸ್ತಿಯಾಗುತ್ತದೆ. ಮೈಸೂರು ಸಮುದ್ರ ಮಟ್ಟಕ್ಕಿಂತ 700 ಮೀಟರ್ ದಾಟಿದೆ. ಡಿಸೆಂಬರ್‌ನ ತಣ್ಣನೆ ಬಿಸಿಲಲ್ಲೂ ಕವರ್ ಹಾಕಿ.

ಕರಾವಳಿಯವನು:
ನೀವು ಅದೃಷ್ಟವಂತರು. ನಮ್ಮ ಮಂಗಳೂರಿನ ಕಡೆ ಬಿಸಿಲಿನ ಜೊತೆ ಉಪ್ಪು ಗಾಳಿ. ಅಲ್ಯೂಮಿನಿಯಂ ಮೇಲೆ ಬಿಳಿ ಹಿಟ್ಟು ಏಳುತ್ತದೆ.

ಹಳೇ ಫಿಟ್ಟರ್:
ಹಳೆಯ ಮಾತು ನೆನಪಾಯಿತು. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಪುಷ್ಪಕ್ ಅಂತ ಎರಡು ಸೀಟಿನ ವಿಮಾನ ಕಟ್ಟುತ್ತಿದ್ದರು. 1958ರಲ್ಲಿ ಮೊದಲು ಹಾರಿದ್ದು. ದೇಶದ ಎಷ್ಟೋ ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಅದೇ ಇತ್ತು. ಅದಕ್ಕೆ ಬಟ್ಟೆ ಹೊದಿಕೆ. ಬಟ್ಟೆಯ ವಿಮಾನಕ್ಕೆ ಬಿಸಿಲೇ ದೊಡ್ಡ ಶತ್ರು. ಅದಕ್ಕೇ ಬಣ್ಣದ ಅಡಿ ಅಲ್ಯೂಮಿನಿಯಂ ಪುಡಿ ಬೆರೆಸಿದ ಬೆಳ್ಳಿ ಬಣ್ಣದ ಲೇಪ ಕೊಡುವುದು. ಆ ಲೇಪ ಬೆಳಕನ್ನು ಬಟ್ಟೆಯವರೆಗೆ ಬಿಡುವುದಿಲ್ಲ. ಒಳಗೆ ಬಲ್ಬ್ ಇಟ್ಟು ಹೊರಗಿನಿಂದ ನೋಡುತ್ತಿದ್ದೆವು. ಬೆಳಕು ತೂರಿ ಬಂದ ಜಾಗದಲ್ಲಿ ಲೇಪ ಸವೆದಿದೆ ಅಂತ ಅರ್ಥ.

ಮದ್ದೂರು ಎಕ್ಸ್‌ಪ್ರೆಸ್:
ಎಷ್ಟೋ ಹೊಸ ಸಣ್ಣ ವಿಮಾನಗಳು ಬೆಳ್ಳಗೇ ಇರುತ್ತವಲ್ಲ, ಅದಕ್ಕೂ ಬಿಸಿಲೇ ಕಾರಣವಾ?

ಹಳೇ ಫಿಟ್ಟರ್:
ಫೈಬರ್‌ನಲ್ಲಿ ಮಾಡಿದ್ದಾದರೆ ಹೌದು. ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನವರ ಹಂಸ ವಿಮಾನ ನೋಡಿ, 1993ರಲ್ಲಿ ಮೊದಲು ಹಾರಿತು, ಬಿಳಿ. ಫೈಬರ್ ಪದರಗಳನ್ನು ಹಿಡಿದಿರುವ ರಾಳ ಒಂದು ಮಟ್ಟ ಮೀರಿ ಕಾದರೆ ಮೆತ್ತಗಾಗುತ್ತದೆ. ಗಾಢ ಬಣ್ಣ ಬಳಿದರೆ ಬಿಸಿಲಲ್ಲಿ ಆ ಮಟ್ಟದ ಹತ್ತಿರ ಹೋಗುತ್ತದೆ. ಅದಕ್ಕೇ ಬಿಳಿ. ಹಕ್ಕಿಯವರದು ಅಲ್ಯೂಮಿನಿಯಂ, ಆ ಭಯ ಇಲ್ಲ.

ಸೋಲೋ ಮುಗಿಸಿದವಳು:
ಸ್ವಲ್ಪ ಬೇರೆ ವಿಷಯ, ಆದರೂ ಹೇಳಲೇಬೇಕು. ಬಿಸಿಲು ನಿಂತ ವಿಮಾನಕ್ಕೆ ಮಾತ್ರವಲ್ಲ, ಹಾರುವ ವಿಮಾನಕ್ಕೂ ಕಷ್ಟ. ಮಂಡಕಳ್ಳಿ ಸುಮಾರು 2,400 ಅಡಿ ಎತ್ತರದಲ್ಲಿದೆ. 35 ಡಿಗ್ರಿ ಬಿಸಿಲಲ್ಲಿ ಗಾಳಿ ತೆಳ್ಳಗಾಗುತ್ತದೆ, ಲೆಕ್ಕ ಹಾಕಿದರೆ ವಿಮಾನಕ್ಕೆ 5,000 ಅಡಿ ದಾಟಿದ ಹಾಗೆ. ಮಡಿಕೇರಿಗಿಂತ ಎತ್ತರದ ಜಾಗದಿಂದ ಹೊರಟ ಹಾಗಾಯಿತು. 110 ಕುದುರೆ ಶಕ್ತಿಯಲ್ಲಿ ಇಬ್ಬರು ಕೂತು, ಟ್ಯಾಂಕ್ ತುಂಬಿಸಿ, ಮಧ್ಯಾಹ್ನ ಎರಡಕ್ಕೆ ಹೊರಡಬೇಡಿ ಸಾರ್. ಬೆಳಿಗ್ಗೆ ಏಳಕ್ಕೆ ಹೊರಡಿ.

ಮಂಡಕಳ್ಳಿ ಹಕ್ಕಿ:
ಖಂಡಿತ ಅಮ್ಮ. ಟ್ಯಾಂಕ್ ಅಂದ ಮೇಲೆ ನೆನಪಾಯಿತು. ನಿಲ್ಲಿಸುವಾಗ ಟ್ಯಾಂಕ್ ತುಂಬಿಸಿಡಬೇಕಾ, ಖಾಲಿ ಬಿಡಬೇಕಾ? ಮೊನ್ನೆ ಎಡ ರೆಕ್ಕೆ ಅಡಿ ನೆಲ ಒದ್ದೆಯಾಗಿತ್ತು, ಪೆಟ್ರೋಲ್ ವಾಸನೆ. ಸೋರುತ್ತಿದೆ ಅಂತ ಗಾಬರಿಯಾದೆವು.

ಹಳೇ ಫಿಟ್ಟರ್:
ಬಹುಶಃ ಸೋರಿಕೆ ಅಲ್ಲ. ನಿಮ್ಮ ಎರಡೂ ಟ್ಯಾಂಕ್ ಸೇರಿ 98 ಲೀಟರ್. 20 ಡಿಗ್ರಿ ಬಿಸಿ ಏರಿದರೆ ಸುಮಾರು ಎರಡು ಲೀಟರ್ ಹಿಗ್ಗುತ್ತದೆ. ಕಂಠಮಟ್ಟ ತುಂಬಿಸಿದ್ದರೆ ಅದು ಎಡ ರೆಕ್ಕೆ ಅಡಿಯ ಗಾಳಿ ಕೊಳವೆಯಿಂದ ತಾನೇ ಹೊರಗೆ ಬರುತ್ತದೆ. ಪೂರ್ತಿ ಖಾಲಿ ಬಿಟ್ಟರೆ ಒಳಗೆ ತೇವ ಕಟ್ಟಿ ನೀರಾಗುತ್ತದೆ. ಕಂಠದಿಂದ ಸ್ವಲ್ಪ ಕೆಳಗೆ ನಿಲ್ಲಿಸಿ. ಹಾರುವ ಮೊದಲು ಕೆಳಗಿನ ನಲ್ಲಿಯಿಂದ ಸ್ವಲ್ಪ ಹಿಡಿದು ನೀರಿದೆಯಾ ನೋಡಿ. ಆದರೂ ಒಂದು ಸಲ ಎಂಜಿನಿಯರ್‌ಗೆ ತೋರಿಸಿಬಿಡಿ. ಪೆಟ್ರೋಲ್ ವಿಷಯದಲ್ಲಿ ನನ್ನ ಮಾತೊಂದನ್ನೇ ನಂಬಿ ಕೂರಬೇಡಿ.

ಕರಾವಳಿಯವನು:
ಟೈರಿಗೆ ಏನು ಮಾಡುತ್ತೀರಿ? ಬಿಸಿಲಿಗೆ ರಬ್ಬರ್ ಬಿರಿಯುತ್ತದೆ. ನಾನು ಗೋಣಿಚೀಲ ಹೊದಿಸುತ್ತೇನೆ.

ಹಳೇ ಫಿಟ್ಟರ್:
ಬೇಸಿಗೆಯಲ್ಲಿ ಸರಿ. ಮಳೆಗಾಲದಲ್ಲಿ ಗೋಣಿ ನೀರು ಕುಡಿದು ಕೂರುತ್ತದೆ, ಪಕ್ಕದ ಬ್ರೇಕ್ ಡಿಸ್ಕ್‌ಗೆ ತುಕ್ಕು. ಮಳೆ ಬಂದ ಮೇಲೆ ತೆಗೆದುಬಿಡಿ.

ತೊಣ್ಣೂರು ಕೆರೆ:
ಎಲ್ಲರೂ ಬಿಸಿಲು ಬಿಸಿಲು ಅನ್ನುತ್ತಿದ್ದೀರಿ. ಬಯಲಲ್ಲಿ ನಿಲ್ಲಿಸಿದ ವಿಮಾನದಲ್ಲಿ ನನಗೆ ಆದ ಅನುಭವ ಹೇಳುತ್ತೇನೆ.

ಕಲಿಯುತ್ತಿದ್ದಾಗ ಒಂದು ಬೆಳಿಗ್ಗೆ ಟೇಕಾಫ್‌ಗೆ ಓಡಿಸುತ್ತಿದ್ದೆ. ವೇಗ ತೋರಿಸುವ ಮುಳ್ಳು ಏಳಲೇ ಇಲ್ಲ. ಸೊನ್ನೆಯಲ್ಲೇ ಕೂತಿತ್ತು. ಎಂಜಿನ್ ಕಡಿಮೆ ಮಾಡಿ ನಿಲ್ಲಿಸಿದೆ. ವಾಪಸ್ ಬಂದು, ವೇಗ ಅಳೆಯಲು ಇರುವ ಪಿಟೋ ಕೊಳವೆ ನೋಡಿದರೆ, ಎದುರು ಗಾಳಿ ಹೋಗುವ ಆ ಸಣ್ಣ ತೂತಿನೊಳಗೆ ಮಣ್ಣು. ಕಡಜ ಗೂಡು ಕಟ್ಟಿತ್ತು. ಮೆಕ್ಯಾನಿಕ್ ಮೆತ್ತಗೆ ತೆಗೆದ. ಕಡ್ಲೆಬೀಜದಷ್ಟು ಮಣ್ಣಿನ ಉಂಡೆ, ಅದರೊಳಗೆ ಹಸಿರು ಹುಳ ಇನ್ನೂ ಜೀವಂತವಾಗಿತ್ತು, ಕಡಜ ತನ್ನ ಮರಿಗೆ ಇಟ್ಟ ಊಟ. ಹಿಂದಿನ ದಿನ ಸಂಜೆ ಹಾರಿದಾಗ ಎಲ್ಲ ಸರಿ ಇತ್ತು. ಮುಚ್ಚಳ ಹಾಕಲು ಮರೆತಿದ್ದು ಒಂದು ರಾತ್ರಿ, ಮರುದಿನ ಬೆಳಿಗ್ಗೆ ಒಂದಿಷ್ಟು ಹೊತ್ತು. ಅಷ್ಟೇ.

ನಂಜನಗೂಡು ರಸ್ತೆ:
1996ರಲ್ಲಿ ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ಬೋಯಿಂಗ್ 757 ಒಂದು ಸಮುದ್ರಕ್ಕೆ ಬಿದ್ದು 189 ಜನ ಸತ್ತರು. ಅದರ ಪಿಟೋ ಕೊಳವೆಯೂ ಮುಚ್ಚಿಹೋಗಿತ್ತು. ಹಲವು ದಿನ ಮುಚ್ಚಳ ಇಲ್ಲದೆ ನಿಂತಿತ್ತು, ಕಡಜದ ಗೂಡೇ ಕಾರಣ ಇರಬೇಕು ಅಂತ ತನಿಖೆಯವರು ಹೇಳಿದರು.

ಹಳೇ ಫಿಟ್ಟರ್:
ಪಿಟೋಗೆ ಮುಚ್ಚಳ, ಎಂಜಿನ್ ಮುಂದಿನ ಎರಡು ಬಾಯಿಗೂ ಸ್ಪಂಜಿನ ಬಿರಡೆ. ಎಲ್ಲಕ್ಕೂ ಕೆಂಪು ಪಟ್ಟಿ ಇಳಿಬಿಡಿ, ಹಾರುವ ಮೊದಲು ಕಣ್ಣಿಗೆ ಬೀಳಬೇಕು. ಎಂಜಿನ್ ಬಾಯಿ ತೆರೆದಿದ್ದರೆ ಗೊರವಂಕ ಅರ್ಧ ದಿನದಲ್ಲಿ ಹುಲ್ಲು ತುಂಬಿಸುತ್ತದೆ. ಎಂಜಿನ್ ಕಾದಾಗ ಆ ಒಣಹುಲ್ಲು ಹತ್ತಿಕೊಳ್ಳುತ್ತದೆ. ಇನ್ನೊಂದು ಮಾತು, ಪಿಟೋದೊಳಗೆ ಯಾರೂ ಬಾಯಿಂದ ಊದಬೇಡಿ, ಕಂಪ್ರೆಸರ್ ಅಂತೂ ಬೇಡವೇ ಬೇಡ. ಮೀಟರ್ ಒಡೆಯುತ್ತದೆ.

ಟಾಪ್ ಟೈಲರ್:
ಬಿರಡೆ ನಾನು ಮಾಡಿಕೊಡುತ್ತೇನೆ. ಸೀಟಿನ ಸ್ಪಂಜ್ ಅಂಗಡಿಯಲ್ಲೇ ಇದೆ. ಮೇಲೆ ಕೆಂಪು ರೆಕ್ಸಿನ್ ಹಾಕೋಣ.

ಮಂಡಕಳ್ಳಿ ಹಕ್ಕಿ:
ಏಳು ವಾರ ಆಯಿತು. ಎಲ್ಲರಿಗೂ ಉತ್ತರ ಕೊಡಬೇಕು ಅಂತ ಬಂದೆ.

ಟೈಲರ್ ಸಾಹೇಬರು ಪಾಸ್ ಮಾಡಿಸಿಕೊಂಡು ಬಂದು ಎರಡು ಬೆಳಿಗ್ಗೆ ಕೂತು ಅಳತೆ ತೆಗೆದರು. ದಿನಪತ್ರಿಕೆ ಅಂಟಿಸಿ ಅಂಟಿಸಿ ಕಿಟಕಿ, ಬಾಗಿಲು, ರೆಕ್ಕೆ ಸೇರುವ ಜಾಗ ಎಲ್ಲ ಕತ್ತರಿಸಿಕೊಂಡರು. ಹನ್ನೊಂದು ಮೀಟರ್ ಬಟ್ಟೆ ಹಿಡಿಯಿತು. ತಿಳಿ ಬೂದು ಬಣ್ಣ, ಒಳಗೆ ಬಿಳಿ ಫ್ಲಾನೆಲ್. ಮೊದಲ ಸಲ ಹಾಕಿದಾಗ ಆಂಟೆನಾ ಜೇಬು ನಾಲ್ಕು ಬೆರಳು ಹಿಂದೆ ಬಂದಿತ್ತು. ಅಲ್ಲೇ ಬಿಚ್ಚಿ ಮತ್ತೆ ಹೊಲಿದುಕೊಟ್ಟರು.

ಎರಡು ದಿನ ಥರ್ಮಾಮೀಟರ್ ಸೀಟಿನ ಮೇಲೆ ಇಟ್ಟು ನೋಡಿದೆ. ಎರಡೂ ದಿನ ಹೊರಗೆ 36 ಡಿಗ್ರಿ. ಕವರ್ ಇಲ್ಲದ ದಿನ ಮಧ್ಯಾಹ್ನ ಎರಡೂವರೆಗೆ ಒಳಗೆ 59. ಕವರ್ ಇದ್ದ ದಿನ ಅದೇ ಹೊತ್ತಿಗೆ 42. ಬಕಲ್ ಹಿಡಿದುಕೊಂಡೇ ನಿಂತೆ, ಬೆರಳು ಸುಡಲಿಲ್ಲ.

ಮೂತಿ ಪಡುವಣಕ್ಕೇ ಇಟ್ಟಿದ್ದೇವೆ. ಹೋದ ವಾರ ಸಂಜೆ ಆಲಿಕಲ್ಲು ಮಳೆ ಬಂತಲ್ಲ, ಚಾಮುಂಡಿ ಬೆಟ್ಟ ಕಾಣದಷ್ಟು ಧೂಳೆದ್ದಿತು. ಭಾವ, ನಾನು ಸ್ಕೂಟರ್‌ನಲ್ಲಿ ಓಡಿದೆವು. ಬಾಲದ ಹಗ್ಗ ಬಿಗಿಯಾಗಿತ್ತು, ಕವರ್ ಅಲುಗಿರಲಿಲ್ಲ. ಪಕ್ಕದಲ್ಲಿ ಯಾರೋ ಹೊದಿಸಿದ್ದ ನೀಲಿ ಟಾರ್ಪಾಲ್ ಬೇಲಿಗೆ ಸಿಕ್ಕಿ ಹರಿದಿತ್ತು. ಭಾವ ಅಲ್ಲೇ ನಿಂತು ರೆಕ್ಕೆ ಸವರಿದರು, ಮಾತಾಡಲಿಲ್ಲ.

ಮೂಲೆಯ ಗೆರೆಗಳ ಅಳತೆ ಎಂಜಿನಿಯರ್ ಬರೆದುಕೊಂಡಿದ್ದಾರೆ. ಸದ್ಯಕ್ಕೆ ಹಾರಬಹುದು ಅಂದರು. ರೆಕ್ಕೆ ಅಡಿಯ ಒದ್ದೆಯೂ ಸೋರಿಕೆ ಅಲ್ಲವಂತೆ.

ಹಳೇ ಫಿಟ್ಟರ್:
ಬಹಳ ಸಂತೋಷ. ಕವರ್‌ನ ಒಳಮೈ ತಿಂಗಳಿಗೊಮ್ಮೆ ಬರೀ ನೀರಲ್ಲಿ ಜಾಲಿಸಿ ನೆರಳಲ್ಲಿ ಒಣಗಿಸಿ. ಫ್ಲಾನೆಲ್ ಧೂಳು ಹಿಡಿದಿಟ್ಟುಕೊಳ್ಳುತ್ತದೆ. ನೆಲದ ಮೇಲೆ ಯಾವತ್ತೂ ಹಾಸಬೇಡಿ, ತೆಗೆದ ತಕ್ಷಣ ಚೀಲಕ್ಕೆ ಹಾಕಿ. ಕವರ್ ಹಾಕುವ ಮೊದಲು ಕಿಟಕಿಗೆ ಒಂದು ತಂಬಿಗೆ ನೀರು.

ಸರಸ್ವತಿಪುರಂ ಸು:
59ರಿಂದ 42! ನಮ್ಮ ಮಕ್ಕಳಿಗೆ ಈ ಲೆಕ್ಕವನ್ನೇ ಕ್ಲಾಸಲ್ಲಿ ಕೊಡುತ್ತೇನೆ.

ಕಬ್ಬಿನ ಗದ್ದೆ:
ಅಣ್ಣ, ನಮ್ಮ ಮಗನಿಗೆ ವಿಮಾನ ಹತ್ತಿರದಿಂದ ನೋಡಬೇಕಂತೆ. ಒಂಬತ್ತು ವರ್ಷ. ಈ ಎಲ್ಲ ಮಾತನ್ನೂ ಓದಿಸಿಕೊಂಡಿದ್ದಾನೆ. ಪಿಟೋ ಎಲ್ಲಿದೆ ಅಂತ ಕೇಳುತ್ತಿದ್ದಾನೆ.

ಟಾಪ್ ಟೈಲರ್:
ನಾನೂ ಬರಬೇಕು ಸಾರ್. ಬಾಲಕ್ಕೂ ಒಂದು ಕವರ್ ಬೇಕು ಅಂದಿದ್ದಿರಿ, ಅಳತೆ ಬಾಕಿ ಇದೆ.

ಮಂಡಕಳ್ಳಿ ಹಕ್ಕಿ:
ಭಾನುವಾರ ಇಬ್ಬರೂ ಬನ್ನಿ. ಪಾಸ್‌ಗೆ ಇವತ್ತೇ ಕೇಳಿಡುತ್ತೇನೆ, ಆಧಾರ್ ಮರೆಯಬೇಡಿ. ಮಗನಿಗೆ ಟೋಪಿ ಹಾಕಿಸಿ ಅಣ್ಣ. ಬೆಳಿಗ್ಗೆ ಏಳಕ್ಕೆಲ್ಲ ಗೇಟ್ ಹತ್ತಿರ ಇರಿ, ಬಿಸಿಲೇರುವ ಮೊದಲೇ ಕವರ್ ತೆಗೆಯೋಣ. ಪಿಟೋ ಮುಚ್ಚಳ ಅವನ ಕೈಯಲ್ಲೇ ತೆಗೆಸುತ್ತೇನೆ.